ಒಂದು ಪಾಯಿಂಟ್ ಎರಡು

ಮೇಘನಾ, ನಂದೀಶ,

ಹೋದ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ ನುಡಿನಮನ ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ, ಮೇಘನಾ, ನೀನು ನನ್ನನ್ನು ಒಂದು ಮಾತು ಕೇಳಿದೆ. "ಅಜ್ಜಿ, ನಿಮ್ ಡಾಕ್ಟ್ರು ಅಷ್ಟೊಂದು ಒಳ್ಳೆಯವ್ರಾ? ಎಲ್ರೂ ಅಳ್ತಿದ್ರು. ನೀನು ಮಾತ್ರ ವಾಂತಿ ಬರೋರ ತರ ಕೂತಿದ್ದೆ." ಬಿಸಿಲಿಗೆ ಹಾಗಾಯಿತು ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡೆ. ಅದು ಬಿಸಿಲಿಗೆ ಆದದ್ದಲ್ಲ. ಅವರ ಫೋಟೋದ ಮುಂದೆ ಯಾರೋ ತಟ್ಟೆ ತುಂಬ ಕಪ್ಪು ದ್ರಾಕ್ಷಿ ಇಟ್ಟಿದ್ದರು. ಅವರಿಗೆ ಬಹಳ ಇಷ್ಟವಾಗಿತ್ತೆಂದು ಇಟ್ಟದ್ದು. ಅದು ಕಣ್ಣಿಗೆ ಬೀಳದಿರಲೆಂದು ನಾನು ಮುಖ ತಿರುಗಿಸಿಕೊಂಡೇ ಕೂತಿದ್ದೆ.

ಅಷ್ಟು ಸಾಲದೆಂದು ಮೈಕು ಹಿಡಿದವರು ನನ್ನನ್ನೂ ಎಬ್ಬಿಸಿದರು. "ಡಾಕ್ಟ್ರ ಹತ್ರ ವರ್ಷಗಟ್ಲೆ ಕೆಲ್ಸ ಮಾಡ್ದೋರು ನಮ್ ರತ್ನಮ್ಮನವ್ರು. ಎರಡು ಮಾತಾಡ್ಬೇಕು." ನಾಲ್ಕು ಜನ ಸೇರಿದ ಕಡೆ ನನಗೆ ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ಮೈಕು ಬಾಯಿಯ ಹತ್ತಿರ ಬಂತು. "ಒಳ್ಳೆಯವ್ರು" ಎಂದೆ. ಕೂತುಬಿಟ್ಟೆ. ಜನ ತಲೆದೂಗಿದರು.

ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಂದೀಶನ ಎದೆಯ ಮೇಲೆ ಉದ್ದಕ್ಕೆ ಒಂದು ಗೀರಿದೆಯಲ್ಲ, ಇದು ಅದರ ಕಥೆಯೂ ಹೌದು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಮೇಘನಾ, ನಂದೀಶನಿಗೆ ನೀನೇ ಓದಿ ಹೇಳಬೇಕು, ಯಾವುದನ್ನೂ ಬಿಡದೆ ಹೇಳಬೇಕು. ಡಾಕ್ಟರ ಹೆಸರು ಮಾತ್ರ ಬರೆಯುವುದಿಲ್ಲ. ಅವರಿಗೂ ಮೊಮ್ಮಕ್ಕಳಿದ್ದಾರೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅವರ ಸ್ಕ್ಯಾನಿಂಗ್ ಸೆಂಟರಿಗೆ ಆಯಾ ಆಗಿ ಸೇರಿದೆ. ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಬೆಳಿಗ್ಗೆ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಹೋಗಿ ನೆಲ ಒರೆಸಿ, ಗರ್ಭಿಣಿಯರನ್ನು ಹೆಸರು ಹಿಡಿದು ಕೂಗಿ, ಮಂಚಕ್ಕೆ ಹತ್ತಿಸಿ ಇಳಿಸಿ, ರಿಪೋರ್ಟುಗಳನ್ನು ಕವರಿಗೆ ಹಾಕಿ ಕೊಡುವುದು ನನ್ನ ಕೆಲಸ.

ಮೊದಲು ಅವರ ಕೈಗಳ ವಿಷಯ ಹೇಳಬೇಕು. ಅಷ್ಟು ಚೊಕ್ಕಟವಾದ ಕೈಗಳನ್ನು ನಾನು ಬೇರೆ ಯಾವ ಗಂಡಸಿನಲ್ಲೂ ನೋಡಿಲ್ಲ. ಉಗುರು ಕತ್ತರಿಸಿ, ಉಜ್ಜಿ, ಗಂಧದ ಸೋಪಿನಲ್ಲಿ ತೊಳೆದು ಇಟ್ಟುಕೊಂಡಿರುತ್ತಿದ್ದರು. ಒಬ್ಬೊಬ್ಬ ಹೆಂಗಸು ಮಂಚದಿಂದ ಇಳಿದ ಮೇಲೂ ಒಮ್ಮೆ ತೊಳೆದುಕೊಳ್ಳುತ್ತಿದ್ದರು. ಆದರೆ ಹೆಂಗಸರ ಹೊಟ್ಟೆ ಒರೆಸಿಕೊಳ್ಳಲು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಟವೆಲ್ಲು. ಹತ್ತು ಜನರ ಹೊಟ್ಟೆಗೆ ಹಚ್ಚಿದ ಜೆಲ್ಲು ಮೆತ್ತಿ ಅದು ಲೋಳೆಲೋಳೆಯಾಗಿರುತ್ತಿತ್ತು. ಬೇರೆ ಟವೆಲ್ಲು ತಂದಿಡಲೇ ಎಂದು ಒಮ್ಮೆ ಕೇಳಿದೆ. "ಹಳ್ಳಿ ಹೆಂಗಸ್ರು ರತ್ನಮ್ಮ, ಸೆರಗಲ್ಲೇ ಒರೆಸ್ಕೊಳ್ತಾರೆ ಬಿಡು" ಎಂದರು. ನಾನೂ ಹಳ್ಳಿ ಹೆಂಗಸೇ ಎಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲವೇನೋ. ಅಥವಾ ನೆನಪಿತ್ತೇನೋ.

ಇನ್ನು ದ್ರಾಕ್ಷಿ. ನಮ್ಮ ಸೀಮೆಯ ಬೀಜದ ಕಪ್ಪು ದ್ರಾಕ್ಷಿ ಅವರಿಗೆ ಪ್ರಾಣ. ಕಾಲ ಬಂತೆಂದರೆ ಯಂತ್ರದ ಪಕ್ಕದಲ್ಲಿ ಒಂದು ಬಟ್ಟಲು ಇರಲೇಬೇಕು. ಬಲಗೈಯಲ್ಲಿ ಹೊಟ್ಟೆಯ ಮೇಲೆ ಆಡಿಸುವ ಪ್ರೋಬು, ಎಡಗೈಯಲ್ಲಿ ದ್ರಾಕ್ಷಿ. ಹೆಂಗಸು ಕತ್ತಲೆ ಕೋಣೆಯಲ್ಲಿ ಉಸಿರು ಹಿಡಿದು ಮಲಗಿರುತ್ತಾಳೆ, ತನ್ನ ಮಗು ಬದುಕಿದೆಯೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿರುತ್ತಾಳೆ. ಇವರು ಚಪ್ಪರಿಸಿ ತಿರುಳು ನುಂಗಿ, ಸಿಪ್ಪೆಯನ್ನೂ ಬೀಜವನ್ನೂ ಕಿಡ್ನಿ ಟ್ರೇಗೆ ಉಗಿಯುತ್ತಿದ್ದರು. ಬೇರೆ ಆಸ್ಪತ್ರೆಗಳಲ್ಲಿ ಹತ್ತಿ, ಸೂಜಿ ಇಡುವ ಸ್ಟೀಲಿನ ತಟ್ಟೆ ಅದು. ಮಧ್ಯಾಹ್ನ ಅದನ್ನು ತೊಳೆಯುವುದು ನಾನು. ನೇರಳೆ ಬಣ್ಣದ ಜೊಲ್ಲಿನಲ್ಲಿ ಸಿಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಅವತ್ತಿನಿಂದ ಇವತ್ತಿನವರೆಗೆ ನಾನು ಕಪ್ಪು ದ್ರಾಕ್ಷಿ ಬಾಯಿಗೆ ಹಾಕಿಲ್ಲ. ಸಕ್ಕರೆ ಕಾಯಿಲೆ ಎಂದು ನಿಮಗೆ ಹೇಳಿದ್ದು ಸುಳ್ಳು.

ಆದರೂ ಜನ ಅವರನ್ನು ಪ್ರೀತಿಸುತ್ತಿದ್ದರು, ಅದನ್ನು ಮುಚ್ಚಿಡುವುದಿಲ್ಲ. ಗೌರಿಬಿದನೂರು, ಚಿಂತಾಮಣಿ ಕಡೆಯಿಂದಲೂ ಬರುತ್ತಿದ್ದರು. ತೆಲುಗಿನವರು ಬಂದರೆ "ಏಮ್ಮಾ, ಬಾಗುನ್ನಾವಾ?" ಎಂದು ಅವರ ಮಾತಿನಲ್ಲೇ ವಿಚಾರಿಸುತ್ತಿದ್ದರು. ಯಾವ ಊರಿನಲ್ಲಿ ಮಳೆಯಾಯಿತು, ಯಾರ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿದೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಗಂಡೋ ಹೆಣ್ಣೋ ಹೇಳಿ ಎಂದು ಯಾರಾದರೂ ಪೀಡಿಸಿದರೆ ಎದ್ದು ಬಾಗಿಲು ತೋರಿಸುತ್ತಿದ್ದರು. ಆ ವಿಷಯದಲ್ಲಿ ಅವರು ಶುದ್ಧ. ಒಬ್ಬ ದೊಡ್ಡ ಮನುಷ್ಯ ಕಾರಿನಲ್ಲಿ ಬಂದು ಕೇಳಿದಾಗಲೂ ಕಳಿಸಿಬಿಟ್ಟರು. ಅವತ್ತು ನನಗೂ ಹೆಮ್ಮೆಯಾಗಿತ್ತು.

ಎಲ್ಲರಿಗೂ ಕೊನೆಯಲ್ಲಿ ಹೇಳುವ ಮಾತು ಒಂದೇ. "ಎಲ್ಲಾ ಚೆನ್ನಾಗಿದೆ ತಾಯಿ. ಏಳು." ಆ 'ತಾಯಿ' ಎನ್ನುವುದನ್ನು ಎಷ್ಟು ಮೃದುವಾಗಿ ಹೇಳುತ್ತಿದ್ದರೆಂದರೆ, ಕೆಲವರು ಮಂಚದಿಂದ ಇಳಿದು ಅವರ ಕಾಲು ಮುಟ್ಟುತ್ತಿದ್ದರು.

ಒಂದು ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳ ಮಟ್ಟಿಗೆ ಬೆಂಗಳೂರಿನಿಂದ ಒಬ್ಬ ಲೇಡಿ ಡಾಕ್ಟರು ಬಂದರು. ಹೊಟ್ಟೆಯೊಳಗಿನ ಮಗುವಿನ ಕತ್ತಿನ ಅಳತೆ ಎಂದರೇನೆಂದು ನಾನು ತಿಳಿದದ್ದು ಆಗ. ಮೂರು ತಿಂಗಳು ತುಂಬುವ ಹೊತ್ತಿಗೆ, ಹನ್ನೊಂದರಿಂದ ಹದಿನಾಲ್ಕು ವಾರದ ಒಳಗೆ, ಮಗುವಿನ ಕತ್ತಿನ ಹಿಂದೆ ಚರ್ಮದ ಅಡಿಯಲ್ಲಿ ಒಂದು ಎಳೆ ನೀರು ಇರುತ್ತದೆ. ಪರದೆಯ ಮೇಲೆ ಅದು ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ಪಟ್ಟಿ. ಆ ನೀರು ಹೆಚ್ಚಾಗಿದ್ದರೆ ಮಗುವಿನ ಹೃದಯದಲ್ಲೋ ಬೆಳವಣಿಗೆಯಲ್ಲೋ ಏನಾದರೂ ಇರಬಹುದು. ಇದ್ದೇ ಇರುತ್ತದೆ ಎಂದಲ್ಲ, ಆದರೆ ಮುಂದೆ ಪರೀಕ್ಷೆ ಮಾಡಿಸಿ ನೋಡಬೇಕು. ಆ ವಾರಗಳು ಕಳೆದರೆ ಆ ನೀರಿನ ಗುರುತೂ ಉಳಿಯುವುದಿಲ್ಲ.

ಕೈವಾರದ ಕಡೆಯಿಂದ ಒಬ್ಬಳು ಬಂದಿದ್ದಳು, ಜೊತೆಯಲ್ಲಿ ಅವಳ ಅತ್ತೆ. ಲೇಡಿ ಡಾಕ್ಟರು ಪ್ರೋಬು ಹಿಡಿದು ಎಷ್ಟು ಹೊತ್ತಾದರೂ "ಹೂಂ" ಅನ್ನಲಿಲ್ಲ. "ನಿಮ್ ಮಗು ಬೆನ್ನು ಗೋಡೆಗೆ ಅಂಟಿಸ್ಕೊಂಡು ಮಲಗಿದೆಯಮ್ಮ. ಎದ್ದು ಸ್ವಲ್ಪ ಓಡಾಡ್ಕೊಂಡು ಬನ್ನಿ" ಎಂದರು.

ಅತ್ತೆಗೆ ರೇಗಿತು. "ನಮ್ ಬಸ್ಸು ಹೋಗ್ಬಿಡುತ್ತಮ್ಮ. ಆ ಡಾಕ್ಟ್ರಾಗಿದ್ರೆ ಇಷ್ಟೊತ್ಗೆ ಹತ್ತು ಜನಾನ ನೋಡಿ ಕಳಿಸಿರ್ತಿದ್ರು!"

"ನಂಗೆ ಅಷ್ಟು ಬೇಗ ಕಾಣಲ್ಲಮ್ಮ, ಏನ್ಮಾಡ್ಲಿ?" ಎಂದು ಆಕೆ ನಕ್ಕರು.

ಆ ಹುಡುಗಿ ಹೋಗಿ ಎಳನೀರು ಕುಡಿದು ಬಂದಳು. ಮತ್ತೆ ಮಲಗಿಸಿದರು. ಕೆಮ್ಮು ಎಂದರು. ಮಗು ಮಿಸುಕಲಿಲ್ಲ. ನನ್ನನ್ನು ಹತ್ತಿರ ಕರೆದು ಪರದೆಯನ್ನು ತೋರಿಸಿದರು. "ನೋಡಿ ರತ್ನಮ್ಮ, ಮಗು ಚರ್ಮಾನೂ ಒಂದು ಬಿಳಿ ಗೆರೆ, ಅದು ಒರಗಿರೋ ಚೀಲಾನೂ ಒಂದು ಬಿಳಿ ಗೆರೆ. ಅಂಟ್ಕೊಂಡಿದ್ರೆ ಯಾವುದು ಯಾವುದು ಅಂತ ಹೇಳೋದು? ಮಗು ಒಂದ್ಸಲ ನೆಗೀಬೇಕು. ತಲೆ ಬಗ್ಗಿಸಿರಬಾರ್ದು, ಹಿಂದಕ್ಕೂ ಎತ್ತಿರಬಾರ್ದು." ಅಷ್ಟರಲ್ಲಿ ಮಗು ಮೀನಿನ ಹಾಗೆ ಒಮ್ಮೆ ಚಿಮ್ಮಿತು. ಬೆನ್ನು ಗೋಡೆಯನ್ನು ಬಿಟ್ಟಿತು. ಆಕೆ ಚಿತ್ರವನ್ನು ಅಲ್ಲೇ ನಿಲ್ಲಿಸಿ, ದೊಡ್ಡದು ಮಾಡಿ, ಅಳೆಯಲು ಕಪ್ಪು ಪಟ್ಟಿಯ ಆಚೆ ಒಂದು ಈಚೆ ಒಂದು ಕೂಡಿಸುವ ಚಿಹ್ನೆ ಇಟ್ಟರು. ಒಂದು ಸಲ ಅಲ್ಲ, ಮೂರು ಸಲ.

ನನಗೆ ನಮ್ಮ ಹುಳುಮನೆ ನೆನಪಾಯಿತು. ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತ ಹುಳುವಿಗೆ ನಾವು ಸೊಪ್ಪು ಹಾಕುತ್ತೇವೆಯೇ? ಅದು ತಲೆ ಎತ್ತಿಕೊಂಡು ಅಲ್ಲಾಡದೆ ಕೂತು, ತಾನಾಗಿ ಪೊರೆ ಬಿಡುವವರೆಗೆ ತಟ್ಟೆಯನ್ನು ಮುಟ್ಟದೆ ಕಾಯುತ್ತೇವೆ. ಅಷ್ಟು ಓದಿದ ಹೆಂಗಸೂ ಹಾಗೆಯೇ ಕಾಯುವುದನ್ನು ನೋಡಿ ನನಗೆ ಆಕೆಯ ಮೇಲೆ ಬಹಳ ಗೌರವ ಹುಟ್ಟಿತು.

ತಿಂಗಳಾಯಿತು. ಡಾಕ್ಟರು ಹೊಸ ಕಣ್ಣಿನೊಂದಿಗೆ ಹಿಂದಿರುಗಿದರು. ಅದೇ ವಾರ ನಾನು ಫೋಟೋಗಳನ್ನು ಕತ್ತರಿಸಿ ರಿಪೋರ್ಟಿಗೆ ಅಂಟಿಸುವಾಗ ನೋಡುತ್ತೇನೆ, ಮಗುವಿನ ತಲೆಯಿಂದ ಕುಂಡಿಯವರೆಗಿನ ಉದ್ದಕ್ಕೆ ಮಾತ್ರ ಚಿಹ್ನೆ ಇದೆ. ಕತ್ತಿನ ಹತ್ತಿರ ಏನೂ ಇಲ್ಲ. ರಿಪೋರ್ಟಿನಲ್ಲಿ ಮಾತ್ರ ಕತ್ತಿನ ಅಳತೆ ಒಂದು ಪಾಯಿಂಟ್ ಎರಡು ಮಿಲಿಮೀಟರ್ ಎಂದಿದೆ. ಮುಂದಿನವಳದ್ದು ತೆಗೆದೆ. ಒಂದು ಪಾಯಿಂಟ್ ಎರಡು. ಅದರ ಮುಂದಿನದು, ಮಾರನೆಯ ದಿನದ್ದು, ಅದರ ಮಾರನೆಯ ದಿನದ್ದು. ಎಲ್ಲರ ಹೊಟ್ಟೆಯಲ್ಲೂ ಒಂದೇ ಕತ್ತು.

ಟೈಪು ಮಾಡುತ್ತಿದ್ದ ಸರೋಜಳನ್ನು ಕೇಳಿದೆ. ಅವಳೂ ಎರಡು ಮಕ್ಕಳ ತಾಯಿ, ಹತ್ತು ವರ್ಷದಿಂದ ಅಲ್ಲೇ ಇದ್ದವಳು.

"ಅದು ಹಳೇ ರಿಪೋರ್ಟು ರತ್ನಕ್ಕ. ಅದನ್ನೇ ತೆಗೆದು ಹೆಸ್ರು, ವಯಸ್ಸು, ಉದ್ದ ಬದಲಾಯಿಸ್ತೀನಿ. ಮಿಕ್ಕಿದ್ದು ಸಾರ್ ಬೇರೆ ಹೇಳಿದ್ರೆ ಮಾತ್ರ ತಿದ್ದೋದು."

"ಕತ್ತಿಂದು ಯಾವತ್ತಾದ್ರೂ ಬೇರೆ ಹೇಳಿದ್ದಾರಾ?"

ಅವಳು ಯೋಚಿಸಿದಳು. "ಆ ಲೇಡಿ ಡಾಕ್ಟ್ರು ಒಬ್ಬೊಬ್ರಿಗೆ ಒಂದೊಂದು ಹೇಳೋರು, ತಲೆನೋವು. ಇವ್ರು ಹೇಳಲ್ಲ."

"ಮತ್ತೆ ಈ ಒಂದು ಪಾಯಿಂಟ್ ಎರಡು ಯಾರ್ದು ಹಾಗಾದ್ರೆ?"

"ಯಾರ್ದೋ ಇರ್ಬೇಕು ಬಿಡಕ್ಕ. ಮೊದಲ್ನೇಯವ್ರದು."

ಯಾರೋ ಒಬ್ಬ ತಾಯಿಯ ಮಗುವನ್ನು ಅವರು ಎಂದೋ ಒಮ್ಮೆ ಅಳೆದಿದ್ದರು. ಅದರ ಕತ್ತನ್ನೇ ಊರಿಗೆಲ್ಲ ಹಂಚುತ್ತಿದ್ದರು. ಆ ಕವರುಗಳನ್ನು ಕೈಗೆ ಕೊಡುತ್ತಿದ್ದವಳು ನಾನು. "ಏನ್ ಬರೆದವ್ರಮ್ಮಾ?" ಎಂದು ಹೆಂಗಸರು ಕೇಳಿದರೆ "ಚೆನ್ನಾಗಿದೆಯಂತೆ" ಎನ್ನುತ್ತಿದ್ದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ಯಾರಿಗೆ ಹೇಳುವುದು, ಹೇಗೆ ಹೇಳುವುದು, ಏಳನೆಯ ತರಗತಿಯವಳ ಮಾತನ್ನು ಯಾರು ನಂಬುತ್ತಾರೆ ಎಂದುಕೊಂಡು ಮಧ್ಯಾಹ್ನವಾದರೆ ಟ್ರೇ ತೊಳೆಯುತ್ತಿದ್ದೆ.

ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತರಲ್ಲಿ ನಿಮ್ಮಮ್ಮ ಸುಜಾತ ಸಾದಲಿಯಿಂದ ಬಂದಳು. ಮೂರು ತಿಂಗಳಾಗಿತ್ತು. ಹೆರಿಗೆ ಡಾಕ್ಟರು ಚೀಟಿಯಲ್ಲಿ ಕತ್ತಿನ ಸ್ಕ್ಯಾನು ಬರೆದಿದ್ದರು. ನನಗೆ ಎಲ್ಲ ಗೊತ್ತಿತ್ತು. ಬೆಂಗಳೂರಿಗೆ ಆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತು. ಆದರೆ ಡಾಕ್ಟರು ತಾವಾಗಿಯೇ ಕರೆದರು. "ನಿನ್ ಮಗಳು ಅಂದ್ರೆ ನನ್ ಮಗಳಿದ್ದ ಹಾಗಲ್ವಾ ರತ್ನಮ್ಮ? ನಾಳೆ ಮೊದಲ್ನೇ ನಂಬರ್ ಅವಳ್ದೇ." ಬೇರೆಯವರಿಗೆ ಏನಾದರೂ ಮಾಡಲಿ, ನಮ್ಮವಳೆಂದು ಇವಳಿಗೆ ಸರಿಯಾಗಿಯೇ ನೋಡುತ್ತಾರೆ ಎಂದು ನಾನು ನಂಬಿದೆ. ನಮ್ಮ ಕಡೆ ನಾವೆಲ್ಲ ಹೀಗೆಯೇ. ಗುರುತಿನವರು ಎಂದುಬಿಟ್ಟರೆ ಕಣ್ಣು ಮುಚ್ಚಿ ತಲೆ ಒಡ್ಡುತ್ತೇವೆ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ತಪ್ಪನ್ನು ಇನ್ನೊಂದು ಮಾಡಿಲ್ಲ.

ಬೆಳಿಗ್ಗೆ ಮೊದಲು ಮಲಗಿದವಳು ನಿಮ್ಮಮ್ಮನೇ. ನಾನು ತಲೆಯ ಹತ್ತಿರ ನಿಂತಿದ್ದೆ. ಅದು ದ್ರಾಕ್ಷಿಯ ಕಾಲ. ಬಟ್ಟಲು ತುಂಬಿತ್ತು. ನಂದೀಶ, ನಾನು ನಿನ್ನನ್ನು ಮೊದಲ ಸಲ ನೋಡಿದ್ದು ಅವತ್ತು. ಹೆಬ್ಬೆರಳಿನಷ್ಟಿದ್ದೆ. ಬೆನ್ನನ್ನು ಗೋಡೆಗೆ ಒತ್ತಿಕೊಂಡು ಮಲಗಿದ್ದೆ, ಥೇಟ್ ಆ ಕೈವಾರದವಳ ಮಗುವಿನ ಹಾಗೆ. ಅವರು ಉದ್ದ ಅಳೆದರು. ಎದೆಬಡಿತ ಕೇಳಿಸಿದರು. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. ಪ್ರೋಬನ್ನು ತೆಗೆಯುತ್ತಿದ್ದಾರೆಂದು ಗೊತ್ತಾದಾಗ ನನ್ನ ಬಾಯಿಂದ ಹೇಗೋ ಮಾತು ಬಂತು.

"ಸಾರ್... ಕತ್ತಿನ ಹಿಂದೆ... ಮಗು ಸ್ವಲ್ಪ ತಿರುಗಿದ್ಮೇಲೆ..."

ಅವರು ಜೋರಾಗಿ ನಕ್ಕರು. "ಓಹೋ! ನಮ್ ರತ್ನಮ್ಮ ಡಾಕ್ಟ್ರಾಗ್ಬಿಟ್ಟವ್ರೆ ಕಣಮ್ಮ ಸುಜಾತ! ಬಾರಮ್ಮ, ಬಾ, ನೀನೇ ಹಿಡ್ಕೋ" ಎಂದು ಪ್ರೋಬನ್ನು ನನ್ನ ಕಡೆಗೆ ಚಾಚಿದರು. ಅದರ ತುದಿಯಿಂದ ಜೆಲ್ಲು ತೊಟ್ಟಿಕ್ಕುತ್ತಿತ್ತು. ನಿಮ್ಮಮ್ಮನೂ ನಕ್ಕಳು. "ಸುಮ್ನಿರಮ್ಮ, ಅವ್ರಿಗೆ ಗೊತ್ತಾಗಲ್ವಾ?" ಎಂದಳು. ನಾನು ಮುದುಡಿ ಗೋಡೆಗೆ ಸರಿದೆ. ಅವರು ಸಿಪ್ಪೆ ಉಗಿದು "ಎಲ್ಲಾ ಚೆನ್ನಾಗಿದೆ ತಾಯಿ, ಏಳು" ಎಂದರು.

ಅರ್ಧ ಗಂಟೆಯಲ್ಲಿ ರಿಪೋರ್ಟು ಬಂತು. ಒಂದು ಪಾಯಿಂಟ್ ಎರಡು. ನನ್ನ ಮಗಳ ಹೆಸರು ಬರೆದ ಕವರಿಗೆ ನನ್ನ ಕೈಯಿಂದಲೇ ಹಾಕಿ ಕೊಟ್ಟೆ. ಐದನೆಯ ತಿಂಗಳ ಸ್ಕ್ಯಾನನ್ನೂ ಅವರೇ ಮಾಡಿದರು. ಅದರಲ್ಲೂ ಎಲ್ಲ ಚೆನ್ನಾಗಿತ್ತು.

ನಂದೀಶ, ನೀನು ಶಿಡ್ಲಘಟ್ಟದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದೆ. ಹಾಲು ಕುಡಿಯಲು ಬಾಯಿಟ್ಟರೆ ತುಟಿ ನೀಲಿಗಟ್ಟುತ್ತಿತ್ತು. ಅಲ್ಲಿ ಆಮ್ಲಜನಕದ ಸಿಲಿಂಡರು ಖಾಲಿಯಾಗಿತ್ತು. ಮಕ್ಕಳ ಡಾಕ್ಟರು ಊರಿನಲ್ಲಿರಲಿಲ್ಲ. ಇಂಥ ಮಗು ಬರುತ್ತದೆಂದು ಯಾರಿಗೆ ಗೊತ್ತಿತ್ತು? ಪಕ್ಕದ ಮನೆಯವರ ಜೀಪಿನಲ್ಲಿ ನಿನ್ನನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆವು. ದಾರಿಯುದ್ದಕ್ಕೂ ನಾನು ನಿನ್ನ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ. ಅದು ಆ ಟ್ರೇಯಲ್ಲಿ ಅಂಟಿಕೊಂಡಿರುತ್ತಿದ್ದ ಸಿಪ್ಪೆಯ ಬಣ್ಣ.

ಅಲ್ಲಿನ ಡಾಕ್ಟರು ಡೌನ್ ಸಿಂಡ್ರೋಮ್ ಎಂದರು. ಹೃದಯದಲ್ಲಿ ರಂಧ್ರವಿದೆ ಎಂದರು. ಆಮೇಲೆ ನಿಮ್ಮಪ್ಪನನ್ನು ಕೇಳಿದರು. "ಮೂರು ತಿಂಗಳಲ್ಲಿ ಕತ್ತಿನ ಅಳತೆ ಮಾಡಿಸ್ಲಿಲ್ವಾ? ಮೊದಲೇ ಗೊತ್ತಿದ್ದಿದ್ರೆ ಇಲ್ಲೇ ಹೆರಿಗೆ ಮಾಡಿಸ್ಬಹುದಿತ್ತು. ಮಗು ಇಷ್ಟು ಒದ್ದಾಡ್ತಿರ್ಲಿಲ್ಲ."

ನಿಮ್ಮಪ್ಪ ಕವರು ತೆಗೆದು ತೋರಿಸಿದರು. "ಮಾಡಿಸಿದ್ವಿ ಸಾರ್. ನಾರ್ಮಲ್ ಅಂತ ಬಂದಿದೆ. ನಮ್ಮತ್ತೆ ಅಲ್ಲೇ ಕೆಲ್ಸ ಮಾಡೋದು ಸಾರ್, ಸರಿಯಾಗೇ ನೋಡಿರ್ತಾರೆ."

ಆಗಲೂ ನಾನು ಸುಮ್ಮನೆ ನಿಂತಿದ್ದೆ.

ಕೆಲವು ತಿಂಗಳ ಮೇಲೆ ನಿನ್ನ ಎದೆಯನ್ನು ತೆರೆದು ಹೊಲಿದರು. ನೀನು ಉಳಿದೆ. ಅದಾದ ಮೇಲೆ ನಾನು ಕೆಲಸಕ್ಕೆ ಹೋದದ್ದು ಒಂದೇ ದಿನ. ಅವತ್ತು ಮಧ್ಯಾಹ್ನ ಡಾಕ್ಟರ ಕೋಣೆಗೆ ಟ್ರೇ ತೆಗೆದುಕೊಳ್ಳಲು ಹೋದೆ. ಅವರ ಮುಂದೆ ರಿಪೋರ್ಟುಗಳ ಕಟ್ಟು, ಸಹಿಗೆ ಕಾಯುತ್ತಿತ್ತು.

"ಸಾರ್, ನನ್ ಮೊಮ್ಮಗಂದು ನೀವು ಅಳೀಲಿಲ್ಲ" ಎಂದೆ.

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಬಹಳ ಮೃದುವಾಗಿ ನೋಡಿದರು. "ಕೂತ್ಕೋ ತಾಯಿ. ನೋಡು, ಅದು ದೇವ್ರು ಕೊಟ್ಟ ಮಗು. ನಾನು ಅಳೆದು ಹೇಳಿದ್ದಿದ್ರೆ ನೀವು ತೆಗೆಸಿಬಿಡ್ತಿದ್ರಿ. ಹೇಳ್ಲಿಲ್ಲ, ಮಗು ಉಳೀತು. ಒಂದು ಲೆಕ್ಕದಲ್ಲಿ ನಾನೇ ಉಳಿಸ್ದ ಹಾಗಾಯ್ತಲ್ವಾ?" ಹೇಳುತ್ತಲೇ ಚೊಕ್ಕಟವಾದ ಬೆರಳುಗಳಲ್ಲಿ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು.

ನಾನು ಅಸಹ್ಯ ಎಂಬ ಪದವನ್ನು ಶಾಲೆಯಲ್ಲಿ ಬರೆಯಲು ಕಲಿತಿದ್ದೆ. ಅದು ಮೈಯಲ್ಲಿ ಎಲ್ಲಿ ಹುಟ್ಟುತ್ತದೆಂದು ಅವತ್ತು ಗೊತ್ತಾಯಿತು. ಆ ಟ್ರೇಯನ್ನು ತೊಳೆಯದೆ, ಅದರಲ್ಲಿದ್ದ ಸಿಪ್ಪೆ, ಬೀಜ, ಜೊಲ್ಲಿನ ಸಮೇತ, ಅವರು ಸಹಿ ಮಾಡಬೇಕಿದ್ದ ರಿಪೋರ್ಟುಗಳ ಮೇಲೆ ಇಟ್ಟೆ. ಅಲ್ಲಾಡಿಸಿ ಸರಿಯಾಗಿ ಕೂರಿಸಿದೆ. ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಜಗಳ ಅದೊಂದೇ. ಬಾಗಿಲ ಬಳಿ ಸರೋಜ "ರತ್ನಕ್ಕ, ಏನಾಯ್ತೇ?" ಎಂದು ಕೂಗಿದಳು. ಮಾರನೆಯ ದಿನ ಅವಳೇ ಅದನ್ನು ತೊಳೆದಿರಬೇಕು. ರಿಪೋರ್ಟುಗಳನ್ನು ಮತ್ತೆ ಪ್ರಿಂಟು ತೆಗೆದಿರಬೇಕು, ಅದೇ ಅಂಕೆಯೊಂದಿಗೆ.

ಮೇಘನಾ, ನೀನು ಹೊಟ್ಟೆಯಲ್ಲಿದ್ದಾಗ ನಾನೇ ಹಠ ಮಾಡಿ ನಿಮ್ಮಮ್ಮನನ್ನು ಆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೀನು ತಿರುಗಲಿ ಎಂದು ಆಕೆ ಮುಕ್ಕಾಲು ಗಂಟೆ ಕಾದರು.

ನಂದೀಶ, ಡಾಕ್ಟರು ಅವತ್ತು ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಳೆದು ಹೇಳಿದ್ದರೆ ನಾವು ಏನು ಮಾಡುತ್ತಿದ್ದೆವು? ನಿನಗೆ ಸುಳ್ಳು ಹೇಳಲಾರೆ, ನನಗೆ ಗೊತ್ತಿಲ್ಲ. ನಿಮ್ಮಪ್ಪ ಅಮ್ಮ ಅಳುತ್ತಿದ್ದರು, ಹತ್ತು ಜನ ಹತ್ತು ಮಾತು ಹೇಳುತ್ತಿದ್ದರು. ನಾನು ನಿನ್ನ ಪರವಾಗಿ ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಅವರು ನಿನ್ನನ್ನು ಉಳಿಸಲಿಲ್ಲ. ಉಳಿಸಬೇಕಾದರೆ ಮೊದಲು ನೋಡಬೇಕು. ಅವರು ನಿನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನೀನು ಇರುವುದು ಅವರ ಉಪಕಾರವಲ್ಲ ಎಂಬುದನ್ನು ಯಾರು ಏನೇ ಹೇಳಿದರೂ ಮರೆಯಬೇಡ. ಈಗ ನಮ್ಮ ಹುಳುಮನೆಯಲ್ಲಿ ಹಣ್ಣಾದ ಹುಳು ಆರಿಸುವುದರಲ್ಲಿ ನಿನ್ನ ಸರಿಸಮ ಯಾರೂ ಇಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೈ ತಿಳಿಯಾಗಿದೆಯೇ ಎಂದು ನೋಡಿಯೇ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತೀಯ. ನಿಮ್ಮಪ್ಪ "ಬೇಗ ಬೇಗ ಕಣೋ" ಎಂದರೆ "ಇರಪ್ಪ, ನೋಡ್ತಾ ಇದೀನಿ" ಎನ್ನುತ್ತೀಯ. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಕತ್ತಲೆ ಕೋಣೆ ಕಣ್ಣ ಮುಂದೆ ಬರುತ್ತದೆ.

ಹೀಗಿದ್ದ ಡಾಕ್ಟರನ್ನು ನಾನು ನೂರು ಜನರ ಮುಂದೆ ಒಳ್ಳೆಯವರು ಎಂದುಬಿಟ್ಟೆ. ನೋಡದೆ, ಅಳೆಯದೆ, ಎಲ್ಲರೂ ಹೇಳುವುದನ್ನೇ ಹೇಳಿ ಕೂತೆ. ಅವರು ಬರೆದದ್ದಕ್ಕೂ ನಾನು ಆಡಿದ್ದಕ್ಕೂ ಏನು ವ್ಯತ್ಯಾಸ?

ನನ್ನ ಪೆಟ್ಟಿಗೆಯ ತಳದಲ್ಲಿ ನಿಮ್ಮಮ್ಮನ ಹೆಸರಿನ ಆ ಕವರು ಇದೆ. ಮೊನ್ನೆ ತೆಗೆದು ನೋಡಿದೆ. ಸ್ಕ್ಯಾನಿಂಗ್ ಫೋಟೋ ಪೂರ್ತಿ ಬೆಳ್ಳಗಾಗಿದೆ. ಗೋಡೆಗೆ ಒರಗಿ ಮಲಗಿದ್ದ ನಂದೀಶ ಅದರಲ್ಲಿ ಇಲ್ಲ. ಟೈಪು ಮಾಡಿದ ಆ ಅಂಕೆ ಮಾತ್ರ ಇನ್ನೂ ಅಚ್ಚ ಕಪ್ಪಗೆ, ಓದುವಂತೆಯೇ ಇದೆ. ಈ ಹಾಳೆಗಳನ್ನು ಬೇರೆಲ್ಲೂ ಇಡಬೇಡಿ. ಅದೇ ಕವರಿನಲ್ಲಿ, ಆ ಅಂಕೆಯ ಪಕ್ಕದಲ್ಲೇ ಮಡಿಸಿ ಜೋಪಾನವಾಗಿಡಿ. ಮುಂದೆ ಯಾರು ಆ ಕವರನ್ನು ತೆರೆದರೂ ಎರಡನ್ನೂ ಓದಲಿ.